ಒಂದೇ ಬಾಟಲಿ ನೀರು

ಅಕ್ಟೋಬರ್ ೧೭, ಗುರುವಾರ

ಅಂತೂ ಬಂತು. ವಾರಗಟ್ಟಲೆ ಆಟ ಆಡಿಸಿದ ಮಳೆ ಇವತ್ತು ಬೆಳಿಗ್ಗೆ, ನಾನು ಆಫೀಸಿನ ಬಾಗಿಲು ತೆಗೆದು ಕಾಫಿಗೆ ನೀರಿಡುವ ಹೊತ್ತಿಗೆ ಸುರಿಯತೊಡಗಿತು. ಕಾಫಿ ಅಲ್ಲಿಗೇ ಬಿಟ್ಟೆ. ಗೂಟದಲ್ಲಿದ್ದ ಹಾಲ್ವರ್‌ನ ಹಳದಿ ಕೋಟು ಹಾಕಿಕೊಂಡು, ತೋಳು ಮಡಚಿ, ಮಂಜುಗಡ್ಡೆಯ ಪೆಟ್ಟಿಗೆ ಎತ್ತಿಕೊಂಡು ಓಡಿದೆ. ಅವನು ತೀರಿಹೋಗಿ ಎರಡು ವರ್ಷವಾಯಿತು. ಆದರೂ ಗಂಡನ ಈ ಕೋಟು ಮೈಮೇಲೆ ಬಿದ್ದರೆ ಕೆಲಸ ಮಾಡುತ್ತಿರುವುದು ನಾನಲ್ಲ, ಅವನೇ ಅನ್ನಿಸುತ್ತದೆ.

ದೋಣಿ ಯಾರ್ಡಿನ ಯಜಮಾನ ವಿನ್ಸ್ ತನ್ನ ಕೋಣೆಯಿಂದ ತಲೆ ಹೊರಗೆ ಹಾಕಿದ. ತೊನ್ಕಾ ಅನ್ನುವ ನನ್ನ ಹೆಸರು ಬಿಟ್ಟು ಹೆಚ್ಚಾಗಿ ಕುಮಾ ಅಂತಲೇ ಕರೆಯುತ್ತಾನೆ, ನನ್ನ ಮದುವೆಗೆ ಸಾಕ್ಷಿ ನಿಂತ ನಂಟಿಗೆ. "ಏನ್ ಕುಮಾ, ಮಳೆ ಓಡಿಹೋಗುತ್ತಾ? ನಾಳೆನೂ ಬರುತ್ತೆ ಬಿಡು."

"ನಾಳೆದು ನಂಗ್ಯಾಕೆ? ಬೇಸಿಗೆಯೆಲ್ಲ ಕೂತ ಕೊಳೆ ಕೊಚ್ಕೊಂಡು ಬರೋದು ಮೊದಲನೇ ಮಳೇಲಿ. ಎರಡನೇ ಮಳೆ ಹಿಡಿಯೋದು ಅಂದ್ರೆ ಮುಖ ತೊಳ್ಕೊಂಡು ಫೋಟೋ ತೆಗೆಸ್ಕೊಂಡ ಹಾಗೆ."

"ನಿನ್ ಗಂಡನೂ ಹಿಂಗೇ ತಲೆ ತಿಂತಿದ್ದ. ಹೋಗು, ಹೋಗು. ಒಂದೇ ಬಾಟ್ಲಿ ತುಂಬು, ಮರೀಬೇಡ."

ಮರೆಯುವುದೆಲ್ಲಿ ಬಂತು. ಯಾರ್ಡಿನಿಂದ ಕಡಲಿಗೆ ಹರಿಯುವ ಮಳೆನೀರು ಒಂದು ಬಾಟಲಿ ಹಿಡಿಯಿರಿ ಎಂದು ಪರಿಸರ ಇಲಾಖೆ ಕೇಳುತ್ತದೆ. ನಿಯಮದ ಪ್ರಕಾರ ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದ ನೀರು ಯಾವುದೇ ಇರಲಿ, ಅದರ ಫಲಿತಾಂಶ ಇಲಾಖೆಗೆ ಒಪ್ಪಿಸಲೇಬೇಕು. ಕೇಳಿದ್ದಕ್ಕಿಂತ ಹೆಚ್ಚು ಹಿಡಿದರೆ ಹೆಚ್ಚಿನದಕ್ಕೂ ನಾವೇ ಉತ್ತರ ಕೊಡಬೇಕು. ಅದಕ್ಕೇ ಈ ಕೊಲ್ಲಿಯ ಯಾವ ಯಾರ್ಡಿನಲ್ಲೂ ಯಾರೂ ಎರಡನೇ ಬಾಟಲಿ ಮುಟ್ಟುವುದಿಲ್ಲ. ಹಾಲ್ವರ್ ಅಂತೂ ಕೈಗವಸಿನ ಮೇಲೆ ಉಳಿದ ಹನಿಯನ್ನೂ ಝಾಡಿಸಿ ಬಿಡುತ್ತಿದ್ದ. ಅವನ ಅಚ್ಚುಕಟ್ಟೇ ಹಾಗೆ.

ಹಾಯಿಕಂಬಗಳ ಷೆಡ್ಡಿನ ಹಿಂದಿನ ಮ್ಯಾನ್‌ಹೋಲ್ ತೆಗೆದು, ಮೊಣಕಾಲೂರಿ, ಬಾಟಲಿಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದೆ. ಯಾರ್ಡಿನ ಮಳೆನೀರೆಲ್ಲ ಕಡಲಿಗೆ ಹೋಗುವ ಜಾಗ ಇದೊಂದೇ. ನಕ್ಷೆ ಹಾಲ್ವರ್ ಬರೆದದ್ದು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಇರದೆ ಏನು? ತಗಡಿನ ಚಾವಣಿಯ ನೀರು ಇಳಿಯುವ ಕಡೆಯೆಲ್ಲ ಸಿಂಪಿ ಚಿಪ್ಪು ತುಂಬಿದ ಪೀಪಾಯಿ ಇಟ್ಟಿದ್ದೇನೆ. ತಗಡಿನಿಂದ ಬರುವ ಸತುವನ್ನು ಚಿಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಚಿಪ್ಪು ಕೊಡುವವನು ಕೊಲ್ಲಿಯ ಆಚೆ ಸಿಂಪಿ ಬೆಳೆಸುವ ನನ್ನ ತಮ್ಮ ಪೆರೊ. ಅವನಿಗೆ ಕಸ, ನಮಗೆ ಔಷಧಿ.

ಬರುವಾಗ ದೋಣಿ ತೊಳೆಯುವ ಗಾರೆಯ ಹಾಸಿನ ಕಡೆಗೂ ಹೋಗಿ ಬಂದೆ. ನನಗೆ ಭಯ ಇರುವುದು ಅಲ್ಲಿಯದೇ. ದೋಣಿಯ ತಳದ ಬಣ್ಣದಲ್ಲಿ ತಾಮ್ರ ಇರುತ್ತದೆ. ತೊಳೆದಾಗ ಅಷ್ಟೂ ನೀರಿಗಿಳಿಯುತ್ತದೆ. ಆ ನೀರು ಹಾಸಿನ ನಡುವಿನ ಗುಂಡಿಗೆ ಬಿದ್ದು, ಪಂಪಿನಿಂದ ತೊಟ್ಟಿಗೆ ಏರಬೇಕು. ಒಂದು ಹನಿಯೂ ಕಡಲಿಗೆ ಹೋಗಕೂಡದು. ಇಂಥ ಮಳೆಯಲ್ಲೂ ಗುಂಡಿ ಅರ್ಧಕ್ಕಿಂತ ಮೇಲೆ ಏರಿಲ್ಲ. ಹಾಲ್ವರ್ ಕಟ್ಟಿದ ಗುಂಡಿ, ಇಷ್ಟು ವರ್ಷದಲ್ಲಿ ಒಮ್ಮೆಯೂ ತುಂಬಿ ಚೆಲ್ಲಿದ್ದಿಲ್ಲ. ನಮ್ಮ ಯಾರ್ಡು ಅಂದರೆ ನಮ್ಮ ಯಾರ್ಡೇ.

ಅಕ್ಟೋಬರ್ ೨೦, ಭಾನುವಾರ

ಪೆರೊ ಮನೆಯ ಊಟ ಹಾಳಾಯಿತು. ತಪ್ಪು ಅವನದು, ಸ್ವಲ್ಪ ನನ್ನದೂ ಇರಬಹುದು.

ಮೀನಿನ ಸಾರು ಮಾಡಿದ್ದ, ಅಮ್ಮ ಮಾಡುತ್ತಿದ್ದ ಹಾಗೆಯೇ, ವಿನೆಗರ್ ಒಂದು ಚಮಚ ಹೆಚ್ಚು. ತಿನ್ನುತ್ತ ತಿನ್ನುತ್ತ ಹೇಳಿದ: ಈ ಬೇಸಿಗೆಯೂ ಮರಿಗಳು ಸತ್ತವು. ಕೊಲ್ಲಿಯ ನೀರನ್ನು ತೊಟ್ಟಿಗೆ ಏರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಂಪಿ ಮರಿಗಳನ್ನು ಅದರಲ್ಲಿ ಬಿಡುತ್ತಾನೆ; ಅವು ಹಳೆ ಚಿಪ್ಪಿಗೆ ಅಂಟಿಕೊಂಡು ಬೆಳೆಯಬೇಕು. ಸತತ ಮೂರನೇ ಬೇಸಿಗೆ ಒಂದೂ ಅಂಟಲಿಲ್ಲ.

"ಮರಿ ಕೊಡೋರು ನಂಗೆ ಸಾಕೋಕೆ ಬರಲ್ಲ ಅಂತಾರೆ. ಊರೋರೂ ಹಂಗೇ ಅಂತಾರೆ," ಅಂದ. "ಬರೋ ಬೇಸಿಗೇನೂ ಹಿಂಗೇ ಆದ್ರೆ ಅಪ್ಪನ ಸಿಂಪಿ ಪಾತಿಗಳನ್ನ ಬಿಟ್ಕೊಡ್ತೀನಿ. ಸಾಕಾಯ್ತು ನಂಗೆ."

ಅಯ್ಯೋ ಅನ್ನಿಸಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವನ ತಲೆ ಸವರುತ್ತಿದ್ದೆ. ನಿಲ್ಲಿಸಲಿಲ್ಲ.

"ನಿಮ್ ಯಾರ್ಡಿಂದ ತಾಮ್ರ ಬರ್ತಿದೆ, ತೊನ್ಕಾ. ಮರಿಗಳಿಗೆ ಅದು ವಿಷ."

"ನಮ್ ಯಾರ್ಡಿನ ನೀರು ನಾನು ಹಿಡೀತೀನಿ. ನಿನ್ ಬಾವಿ ನೀರಿಗಿಂತ ಚೆನ್ನಾಗಿದೆ."

"ವಿನ್ಸ್‌ನ ಅಷ್ಟು ನಂಬ್ತೀಯಾ?"

"ನನ್ ಮದುವೇಲಿ ಸಾಕ್ಷಿ ನಿಂತೋನು ಅವನು. ನಮ್ ಕುಮ್."

"ನಾನು ನಿನ್ ತಮ್ಮ."

ಅದಕ್ಕೆ ನಾನು ಹೇಳಿದ್ದು ಈಗ ಬರೆಯಲು ಚೆನ್ನಾಗಿಲ್ಲ. ಆದರೆ ನಮ್ಮವರಲ್ಲಿ ಕುಮ್ ಎಂದರೆ ಒಡಹುಟ್ಟಿದವರಿಗಿಂತ ಒಂದು ಗೇಣು ಮೇಲೆಯೇ. ಒಡಹುಟ್ಟಿದವರನ್ನು ದೇವರು ಕೊಡುತ್ತಾನೆ, ಕುಮ್‌ನನ್ನು ನಾವು ಆರಿಸಿಕೊಳ್ಳುತ್ತೇವೆ. ಹಾಲ್ವರ್‌ನ ಶವಪೆಟ್ಟಿಗೆಗೆ ಮುಂದಿನ ಹೆಗಲು ಕೊಟ್ಟವನು ವಿನ್ಸ್.

ಪೆರೊ ತಟ್ಟೆ ಆಚೆ ತಳ್ಳಿದ. "ಹಂಗಾದ್ರೆ ಹಾಲ್ವರ್ ಮೇಲೆ ಆಣೆ ಇಡು. ಯಾರ್ಡಿಂದ ಕೊಳಕು ಬರ್ತಿಲ್ಲ ಅಂತ."

"ಹಾಲ್ವರ್ ಆಣೆಗೂ ಬರ್ತಿಲ್ಲ," ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ, ಯೋಚಿಸಲು ಏನಿತ್ತು?

ಅವನು ತಳ್ಳಿದ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಹಾಲ್ವರ್ ಅಂದರೆ ಅವನಿಗೂ ಪ್ರಾಣ.

ಅಕ್ಟೋಬರ್ ೩೦, ಬುಧವಾರ

ಫಲಿತಾಂಶ ಬಂತು. ಸತು ಮಿತಿಯ ಒಳಗೆ. ತಾಮ್ರ ಇದೆಯೋ ಇಲ್ಲವೋ ಅನ್ನುವಷ್ಟು. ನೋಡಿಕೊಳ್ಳಲಿ ಎಂದು ಒಂದು ಪ್ರತಿ ತೆಗೆದು, ಸಂಜೆ ಹೋಗಿ ಪೆರೊನ ಷೆಡ್ಡಿನ ಬಾಗಿಲಿಗೆ ಅಂಟಿಸಿ ಬಂದೆ. ಅವನು ಒಳಗೇ ಇದ್ದ, ದೀಪ ಉರಿಯುತ್ತಿತ್ತು. ಹೊರಗೆ ಬರಲಿಲ್ಲ.

ವಿನ್ಸ್ ಎಲ್ಲರಿಗೂ ಕೇಕ್ ತರಿಸಿದ. "ನಮ್ ತೊನ್ಕಾ ಇರೋವರೆಗೂ ಇಲಾಖೆಗೆ ನಮ್ ಹತ್ರ ಏನ್ ಕೆಲಸ?" ಅಂದ. ಯಾರ್ಡಿನ ಕೆಲಸದ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾಚಿಕೆಯಾಯಿತು, ಸಂತೋಷವೂ ಆಯಿತು. ಹಾಲ್ವರ್ ನೋಡಬೇಕಿತ್ತು.

ನವೆಂಬರ್ ೮, ಶುಕ್ರವಾರ

ಪೀಪಾಯಿಗಳ ಚಿಪ್ಪು ಹಸಿರುಗಟ್ಟಿದೆ, ಬದಲಾಯಿಸಬೇಕು. ಪೆರೊಗೆ ಫೋನ್ ಮಾಡಿದೆ. "ಖಾಲಿ," ಅಂದು ಇಟ್ಟ. ಅವನ ಷೆಡ್ಡಿನ ಹಿಂದೆ ಚಿಪ್ಪಿನ ಗುಡ್ಡವೇ ಬಿದ್ದಿದೆ. ಇರಲಿ, ಎಷ್ಟು ದಿನ ಮುಖ ಊದಿಸಿಕೊಂಡಿರುತ್ತಾನೋ ನೋಡೋಣ.

ನವೆಂಬರ್ ೨೧, ಗುರುವಾರ

ಇಲಾಖೆಯಿಂದ ರೆನಾಟಾ ಪಾಮರ್ ಎಂಬ ಹೆಂಗಸು ತಪಾಸಣೆಗೆ ಬಂದಿದ್ದಳು. ಹಾಲ್ವರ್ ಇದ್ದಾಗ ಬರುತ್ತಿದ್ದ ಮುದುಕ ಹವಾಮಾನದ ಮಾತಾಡಿ, ಕಾಫಿ ಕುಡಿದು ಹೋಗುತ್ತಿದ್ದ. ಇವಳು ಕಾಫಿ ಬೇಡ ಅಂದಳು.

ನಕ್ಷೆ ಕೈಯಲ್ಲಿ ಹಿಡಿದು ಯಾರ್ಡು ಪೂರ್ತಿ ಸುತ್ತಿದಳು. ತೊಳೆಯುವ ಹಾಸಿನ ಹತ್ತಿರ ನಿಂತಾಗ ನಾನು, "ಈ ಗುಂಡಿ ಒಂದ್ ದಿನವೂ ತುಂಬಿ ಚೆಲ್ಲಿಲ್ಲ ಮೇಡಂ," ಅಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು.

"ಒಂದ್ ದಿನವೂ?"

"ಒಂದ್ ದಿನವೂ."

"ಪಂಪು ಓಡುತ್ತಾ?"

ವಿನ್ಸ್ ನಡುವೆ ಬಂದ. "ವಾರಕ್ಕೊಂದ್ ಸಲ. ಶನಿವಾರ ನಾನೇ ಬಂದು ಓಡಿಸ್ತೀನಿ."

ಶನಿವಾರ ನನಗೆ ರಜೆ, ಅದಕ್ಕೇ ಪಂಪಿನ ಸದ್ದು ನಾನು ಕೇಳಿಲ್ಲ. ಯಜಮಾನನಾಗಿಯೂ ರಜೆಯ ದಿನ ಬಂದು ಪಂಪು ಓಡಿಸುತ್ತಾನೆ, ಹೇಳಿಕೊಂಡದ್ದೇ ಇಲ್ಲ. ಆ ಹೆಂಗಸಿನ ಅನುಮಾನದ ಕಣ್ಣು ನೋಡಿ ಮೈ ಉರಿಯಿತು. ಹೋಗುವಾಗ ನನ್ನ ಕೈ ಕುಲುಕಿ, "ನೀವು ಇಲ್ಲಿರೋದು ಒಳ್ಳೇದಾಯ್ತು," ಅಂದಳು. ಹಾಗಾದರೆ ಅನುಮಾನ ಯಾಕೆ?

ಡಿಸೆಂಬರ್ ೧೬, ಸೋಮವಾರ

ವರ್ಷದ ದೊಡ್ಡ ಕಡಲ ಭರತದ ದಿನ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕಡಲು, ಕಂಬಗಳ ಮೇಲೆ ನಿಂತ ನಮ್ಮ ದೋಣಿಕಟ್ಟೆಯ ಹಲಗೆಗಳ ಹತ್ತಿರಕ್ಕೆ ಏರಿತ್ತು. ದಾರಿಯ ಬದಿಯ ಚರಂಡಿಗಳೆಲ್ಲ ಹಿಂದಕ್ಕೆ ಉಕ್ಕಿದ್ದವು. ಈ ದಿನ ಕಡಲಿಗೆ ತೆರೆದ ಕೊಳವೆಗಳಲ್ಲಿ ನೀರು ತಿರುಗಿ ಬರುವುದು ಮಾಮೂಲು. ನನ್ನ ಮ್ಯಾನ್‌ಹೋಲಿನಲ್ಲೂ ಉಪ್ಪುನೀರು ನಿಂತಿತ್ತು. ಇಂಥ ದಿನ ಮಾದರಿ ಹಿಡಿಯಬಾರದು. ಸುಮ್ಮನೆ ಕೋಟು ಹಾಕಿಕೊಂಡು ಒಂದು ಸುತ್ತು ಹೋದೆ.

ತೊಳೆಯುವ ಹಾಸಿನ ಮೇಲೆ ಕಡಲಹುಲ್ಲು ಬಿದ್ದಿತ್ತು. ಉದ್ದನೆಯ ಹಸಿರು ಎಳೆಗಳು, ಗುಂಡಿಯ ಸುತ್ತ. ಗುಂಡಿಯೊಳಗೆ ಬಗ್ಗಿ ನೋಡಿದರೆ ಅಂಚಿನವರೆಗೂ ನೀರು. ಗೋಡೆಗೆ ಒಂದು ಪುಟ್ಟ ಏಡಿ ಅಂಟಿಕೊಂಡು ಕೊಂಡಿ ಆಡಿಸುತ್ತಿತ್ತು. ಬೆರಳು ಅದ್ದಿ ನಾಲಿಗೆಗೆ ತಗುಲಿಸಿದೆ. ಉಪ್ಪು.

ನಿನ್ನೆ ಗಾಳಿ ಜೋರಾಗಿತ್ತು. ಗಾಳಿಗೆ ಹಾರಿ ಬಂದಿರಬೇಕು.

ಡಿಸೆಂಬರ್ ೧೭, ಮಂಗಳವಾರ

ಏಡಿ ಗಾಳಿಗೆ ಹಾರುವುದಿಲ್ಲ.

ಡಿಸೆಂಬರ್ ೧೯, ಗುರುವಾರ

ನಿನ್ನೆಯೆಲ್ಲ ಹಿಂದೆ ಮುಂದೆ ನೋಡಿ, ಇವತ್ತು ಮಧ್ಯಾಹ್ನ ವಿನ್ಸ್‌ನ ಕೋಣೆಗೆ ಹೋದೆ.

"ಕುಮ್, ತೊಳೆಯೋ ಗುಂಡೀಲಿ ಏಡಿ ಇದೆ."

"ಬೇಯಿಸ್ಕೊಂಡ್ ತಿನ್ನು," ಅಂದ, ಕಾಗದದಿಂದ ಕಣ್ಣು ತೆಗೆಯದೆ.

"ಉಪ್ಪುನೀರು ಎಲ್ಲಿಂದ ಬಂತು?"

ಆಗ ಕಣ್ಣೆತ್ತಿದ. ಎದ್ದು ಬಾಗಿಲು ಮುಚ್ಚಿದ. ಅವನು ಬಾಗಿಲು ಮುಚ್ಚಿದಾಗಲೇ ನನಗೆ ಅರ್ಥವಾಗಿಬಿಟ್ಟಿತು, ಆದರೂ ಕೂತು ಕೇಳಿದೆ.

"ಗುಂಡಿಯೊಳಗೆ ಒಂದ್ ಕೊಳವೆ ಇದೆ, ಹಳೇ ಮೀನಿನ ಕಾರ್ಖಾನೆ ಕಾಲದ್ದು. ಕಟ್ಟೆ ಕೆಳಗೆ ಹೋಗಿ ಕಡಲಿಗೆ ಬೀಳುತ್ತೆ, ಅದಕ್ಕೇ ಗುಂಡಿ ತುಂಬಲ್ಲ. ಹೊಸ ಹಾಸು ಹಾಕುವಾಗ ಮುಚ್ಚಬೇಕಿತ್ತು."

"ಯಾರು ಮುಚ್ಚಬೇಕಿತ್ತು?"

ಅವನು ಕಿಟಕಿಯಾಚೆ ನೋಡಿದ. "ಹಾಸು ಹಾಕಿದ್ದು ಯಾರು ಅಂತ ನಿಂಗೆ ಗೊತ್ತಿಲ್ವಾ?"

ಹಾಲ್ವರ್ ಹಾಕಿದ್ದು. ಆ ಗಾರೆ ಹಾಕಿದ ವಾರವೆಲ್ಲ ಅವನ ಬೂಟು ನಾನೇ ತೊಳೆದಿದ್ದೆ.

"ಪಂಪು ಕೆಟ್ರೆ ನೀರು ಎಲ್ಲಾದ್ರೂ ಹೋಗ್ಬೇಕಲ್ಲ ಅಂತ ಬಿಟ್ವಿ," ಅಂದ. "ಇಬ್ರೂ ಅಲ್ಲೇ ನಿಂತು ಮಾತಾಡ್ಕೊಂಡ್ವಿ. ಆಮೇಲೆ ಪಂಪು ಕೆಟ್ಟೇ ಹೋಯ್ತು. ಅದಿಲ್ದೇನೂ ನಡೀತಿತ್ತು. ಹಂಗೇ ನಡ್ಕೊಂಡ್ ಹೋಯ್ತು ಕುಮಾ."

"ಶನಿವಾರ ಓಡಿಸ್ತೀನಿ ಅಂದ್ಯಲ್ಲ, ಅವಳ ಮುಂದೆ. ನನ್ ಮುಂದೆ."

ಅವನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ.

"ನಂಗ್ಯಾಕೆ ಹೇಳ್ಲಿಲ್ಲ?"

"ಹಾಲ್ವರ್ ಬೇಡ ಅಂದ. ತೊನ್ಕಾಗೆ ಹೇಳ್ಬೇಡ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಅಂದ." ಆಮೇಲೆ ನನಗೆ ಸಮಾಧಾನ ಮಾಡುವವನ ಹಾಗೆ ಸೇರಿಸಿದ: "ಅವನು ಹೋದ್ಮೇಲೆ ಬಾಟ್ಲಿ ನಿನ್ ಕೈಗೆ ಕೊಟ್ಟಿದ್ದೂ ಅದಕ್ಕೇ. ನಿನ್ ಮುಖ ನೋಡಿದ್ರೆ ಯಾರೂ ಎರಡನೇ ಮಾತು ಕೇಳಲ್ಲ."

ಹೊಗಳುವ ಹಾಗೆಯೇ ಹೇಳಿದ. ಮುಚ್ಚಿದ ಬಾಗಿಲು ನಾನೇ ತೆಗೆದುಕೊಂಡು ಮನೆಗೆ ಬಂದೆ.

ಡಿಸೆಂಬರ್ ೨೦, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ಹುಷಾರಿಲ್ಲ ಅಂದೆ. ನಿಜವೇ.

ಹಾಲ್ವರ್ ಬದುಕಿದ್ದರೆ ಪಾತ್ರೆ ಎಸೆಯುತ್ತಿದ್ದೆ. ಕೂಗಾಡುತ್ತಿದ್ದೆ, ಹಾಸಿಗೆ ಹೊರಗೆ ಹಾಕುತ್ತಿದ್ದೆ, ಪೆರೊ ಮನೆಗೆ ಹೋಗಿ ಒಂದು ವಾರ ಬರುತ್ತಿರಲಿಲ್ಲ. ಇವನು ಗೋಡೆಯ ಮೇಲೆ ಫೋಟೋದಲ್ಲಿ ನಗುತ್ತ ಕೂತಿದ್ದಾನೆ. ಏನು ಮಾಡಲಿ ಇವನಿಗೆ?

ಕೈಗವಸಿನ ಹನಿ ಝಾಡಿಸುತ್ತಿದ್ದನಲ್ಲ, ಅಚ್ಚುಕಟ್ಟು ಅಂದುಕೊಂಡಿದ್ದೆ. ಹೆದರಿಕೆ ಅದು. ಯಾರ್ಡಿನ ನೀರಿಗೆ ಒಂದೇ ದಾರಿ ಎಂದು ನಕ್ಷೆ ಬರೆದನಲ್ಲ, ಊಟದ ಮೇಜಿನ ಮೇಲೆ ಹರಡಿಕೊಂಡು, ನಾನೇ ಅಳತೆಪಟ್ಟಿ ಹಿಡಿದುಕೊಂಡು ಕೂತಿದ್ದೆ. ನಾನು ಹಿಡಿದ ಪಟ್ಟಿಯ ಅಂಚಿಗೆ ಪೆನ್ಸಿಲ್ ಎಳೆದು ಸುಳ್ಳು ಬರೆದ. ಭಾನುವಾರ ಭಾನುವಾರ ಪೆರೊ ಬಡಿಸಿದ ಸಿಂಪಿಗೆ ನಿಂಬೆ ಹಿಂಡಿ ತಿಂದ. ತಿಂದು, ಚೆನ್ನಾಗಿದೆ ಅಂದ.

ನನಗೆ ಸುಳ್ಳು ಬರುವುದಿಲ್ಲವಂತೆ. ಬರದವಳ ಬಾಯಿಂದಲೇ ಹೇಳಿಸಿದರಲ್ಲ ಇಬ್ಬರೂ. ಎರಡು ವರ್ಷದಿಂದ ಪ್ರತಿ ವರದಿಯ ಕೆಳಗೆ, ನನಗೆ ತಿಳಿದಮಟ್ಟಿಗೆ ಇದು ಸತ್ಯ ಎಂದು ರುಜು ಹಾಕಿದ್ದೇನೆ. ತಿಳಿಯದ ಹಾಗೆ ನೋಡಿಕೊಂಡವರು ಯಾರು? ಒಬ್ಬ ನನ್ನ ಪಕ್ಕದಲ್ಲಿ ಮಲಗಿದವನು, ಇನ್ನೊಬ್ಬ ನನ್ನ ಮದುವೆಗೆ ಸಾಕ್ಷಿ ನಿಂತವನು.

ಮೋಸ ಹೋದೆ. ಬರೆದು ನೋಡಿದೆ, ಎರಡೇ ಪದ. ಇಷ್ಟು ಸಣ್ಣದಾಗಿ ಕಾಣುತ್ತದೆ ಎಂದುಕೊಂಡಿರಲಿಲ್ಲ. ನಾನು ಅವನ ಮೇಲೆ ಆಣೆ ಇಟ್ಟೆ. ನನ್ನ ತಮ್ಮನ ಮುಖ ನೋಡಿಕೊಂಡು ಇಟ್ಟೆ.

ಡಿಸೆಂಬರ್ ೨೪, ಮಂಗಳವಾರ

ಹಬ್ಬದ ಹಿಂದಿನ ಸಂಜೆ. ಈ ಸಂಜೆ ಉಪ್ಪುಮೀನು ಆಲೂಗಡ್ಡೆಯ ಪಲ್ಯ ಪೆರೊ ಮನೆಯಲ್ಲೇ ಆಗಬೇಕು. ನಮ್ಮಲ್ಲಿ ಬೇರೆ ಕಡೆ ಆದದ್ದಿಲ್ಲ. ಈ ಸಲ ಕರೆದಿರಲಿಲ್ಲ. ಕರೆಯದೆಯೇ ಹೋದೆ.

ಬಾಗಿಲು ತೆಗೆದು ನನ್ನ ಕೈ ನೋಡಿದ. "ಏನ್, ಇನ್ನೊಂದ್ ಕಾಗದ ಅಂಟ್ಸೋಕೆ ಬಂದ್ಯಾ?"

ಅಲ್ಲೇ ನಿಂತು ಹೇಳಿದೆ. ಏಡಿ, ಕೊಳವೆ, ಕೆಟ್ಟ ಪಂಪು, ವಿನ್ಸ್ ಹೇಳಿದ್ದು, ಎಲ್ಲ. ಅವನು ಕೈಯಲ್ಲಿ ಸೌಟು ಹಿಡಿದುಕೊಂಡೇ ಕೇಳಿದ. ವಿನ್ಸ್‌ನ ಹೆಸರಿಗೆ ತಲೆಯಾಡಿಸಿದ, ಆಶ್ಚರ್ಯಪಡಲಿಲ್ಲ. ಆಮೇಲೆ ಮೆಲ್ಲಗೆ, "ಹಾಲ್ವರ್ರಾ?" ಅಂದ.

"ಹಾಲ್ವರ್ರೇ."

ಸ್ಟೂಲಿನ ಮೇಲೆ ಕೂತ. ಒಲೆಯ ಮೇಲಿನದು ತಳ ಹಿಡಿಯತೊಡಗಿತು, ನಾನೇ ಹೋಗಿ ಆರಿಸಿದೆ.

"ಮೊದಲನೇ ಸಲ ಮರಿ ಸತ್ತಾಗ ತೊಟ್ಟಿ ತೊಳೆಯೋಕೆ ಬಂದಿದ್ದ ಕಣೆ," ಅಂದ. "ನಾನು ಕರೀಲಿಲ್ಲ. ತಾನೇ ಬ್ರಷ್ ತಂದು, ಆ ಕಾಯಿಲೆ ಮೈಯಲ್ಲಿ, ಸಂಜೆವರೆಗೂ ನನ್ ಜೊತೆ ಬಗ್ಗಿ ಉಜ್ಜಿದ. ಎಂಥಾ ಮನುಷ್ಯ ಅನ್ಕೊಂಡೆ."

ಇದು ನನಗೆ ಗೊತ್ತಿರಲಿಲ್ಲ. ಕೇಳಿದ ಮೇಲೆ ಹಾಲ್ವರ್ ಮೇಲೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಗೊತ್ತಿದ್ದೂ ಉಜ್ಜಿದನಲ್ಲ, ಬಾಯಿ ಬಿಡಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಆಣೆ ಇಟ್ಯಲ್ಲ," ಅಂದ ಪೆರೊ.

"ಇಟ್ಟೆ."

"ಇನ್ಮೇಲೆ ಇಡೋದಾದ್ರೆ ನನ್ ಮೇಲೆ ಇಡು. ನಾನಿನ್ನೂ ಬದುಕಿದೀನಿ. ಸುಳ್ಳಾದ್ರೆ ತಿರುಗಿ ಬೈಯಬಹುದು."

ನಗು ಬಂತು, ಅಳುವೂ ಬಂತು. ತಳ ಹಿಡಿದ ಪಲ್ಯವನ್ನೇ ತಿಂದೆವು.

ಆಮೇಲೆ, "ಫೋನ್ ಮಾಡ್ತೀಯಾ ಇಲಾಖೆಗೆ?" ಅಂದ.

"ಮಾಡಿದ್ರೆ, ಹಬ್ಬ ಮುಗಿಸ್ಕೊಂಡು ಅವರು ಬರೋಷ್ಟರಲ್ಲಿ ವಿನ್ಸ್ ಕೊಳವೆಗೆ ಗಾರೆ ತುಂಬಿಸಿ, ಯಾವ ಕೊಳವೆ ಅಂತ ಕೇಳ್ತಾನೆ."

"ತುಂಬ್ಸಲಿ. ನಂಗ್ ಬೇಕಾಗಿರೋದೂ ಅದೇ ಅಲ್ವಾ?"

"ಆಗ ನಿನ್ ಮರಿ ಸತ್ತಿದ್ದು ನಿಂಗೆ ಸಾಕೋಕೆ ಬರ್ದೇ ಅಂತಾನೇ ಉಳಿಯುತ್ತೆ. ನಾನು ಬಾಗಿಲಿಗೆ ಅಂಟ್ಸಿದ ಕಾಗದವೇ ಅದಕ್ಕೆ ಸಾಕ್ಷಿ." ತಟ್ಟೆ ಕೆಳಗಿಟ್ಟೆ. "ಅಲ್ಲಿ ಹರಿಯೋ ನೀರು ಹಿಡೀಬೇಕು, ಪೆರೊ. ನಿಯಮದ ಪ್ರಕಾರ. ಹಿಡಿದ್ ಮೇಲೆ ಯಾರೂ ಮುಚ್ಚಿಡೋಕಾಗಲ್ಲ."

"ಎರಡನೇ ಬಾಟ್ಲಿ," ಅಂದ ಅವನು. ಕೊಲ್ಲಿಯಲ್ಲಿ ಎಲ್ಲರಿಗೂ ಗೊತ್ತು ಅದೇನೆಂದು.

ಡಿಸೆಂಬರ್ ೨೮, ಶನಿವಾರ

ಯಾರ್ಡಿನ ಗೇಟಿನ ಆಚೆ ಗಾಡಿ ನಿಲ್ಲಿಸಿ ಕೂತಿದ್ದೆ, ಮಧ್ಯಾಹ್ನದವರೆಗೆ. ಶನಿವಾರ. ಯಾರೂ ಬರಲಿಲ್ಲ. ಗೊತ್ತೇ ಇತ್ತು, ಆದರೂ ಕೂತಿದ್ದೆ.

ಜನವರಿ ೩, ಶುಕ್ರವಾರ

ಬೆಳಿಗ್ಗೆಯಿಂದ ಮಳೆ. ಮಧ್ಯಾಹ್ನ ಇಳಿತ. ಪೆರೊ ತನ್ನ ಚಪ್ಪಟೆ ದೋಣಿ ತಂದು ಕಟ್ಟೆಯ ಕೊನೆಯಲ್ಲಿ ಕಾಯುತ್ತಿದ್ದ. ನಾನು ಆಫೀಸಿಗೆ ಹೋಗಿ, ಎಂದಿನಂತೆ ಮಂಜುಗಡ್ಡೆಯ ಪೆಟ್ಟಿಗೆ, ಬಾಟಲಿ, ಕೈಗವಸು ತೆಗೆದುಕೊಂಡು ಹೊರಟೆ. ಕದ್ದು ಹೋಗಲಿಲ್ಲ. ಇಲಾಖೆಯ ದಾಖಲೆಯಲ್ಲಿ ಇಲ್ಲಿಯ ನೀರು ಹಿಡಿಯುವವಳು ನಾನೇ, ಇವತ್ತು ಕೆಲಸದ ದಿನವೇ.

ಹುಟ್ಟು ಬದಿಗಿಟ್ಟು, ಕಂಬದಿಂದ ಕಂಬಕ್ಕೆ ಕೈ ಹಿಡಿದು ದೋಣಿ ಎಳೆಯುತ್ತ ಕಟ್ಟೆಯ ಕೆಳಗೆ ಹೋದೆವು. ಒಳಗೆ ಮಬ್ಬು, ಡಾಂಬರಿನ ವಾಸನೆ. ಕೊಳವೆ ಹುಡುಕಬೇಕಾಗಲಿಲ್ಲ. ಸುತ್ತಲಿನ ಕಂಬಗಳಲ್ಲೆಲ್ಲ ಚಿಪ್ಪು, ಪಾಚಿ, ಕಡಲಹೂ ಮುತ್ತಿಕೊಂಡಿದ್ದರೆ, ಆ ಬಾಯಿಯ ಕೆಳಗಿನ ಬಂಡೆಗಳು ಮಾತ್ರ ಬೋಳಾಗಿದ್ದವು. ಅದರಿಂದ ನೀಲಿ ಬೆರೆತ ಬೂದು ನೀರು ಸುರಿಯುತ್ತಿತ್ತು. ನೀಲಿ, ಶರತ್ಕಾಲದಲ್ಲಿ ನಾವು ತೊಳೆದ ದೋಣಿಗಳ ಬಣ್ಣ.

ಪೆರೊ ಬೋಳು ಬಂಡೆಗಳನ್ನೇ ನೋಡುತ್ತಿದ್ದ. "ಇಲ್ಲಿ ಏಡಿ ಹಿಡೀತಿದ್ವಲ್ಲೇ, ಚಿಕ್ಕೋರಿದ್ದಾಗ," ಅಂದ.

ಕೈಗವಸು ಹಾಕಿಕೊಳ್ಳುವಾಗ ತಲೆಯ ಮೇಲೆ ಹಲಗೆ ಸದ್ದಾಯಿತು. ಸಂದಿಯಲ್ಲಿ ಬೂಟು ಕಂಡವು.

"ಕುಮಾ." ವಿನ್ಸ್. ಕೂಗಲಿಲ್ಲ, ಮೆತ್ತಗೇ ಕರೆದ. "ಅದನ್ನ ತುಂಬಬೇಡ. ಸೋಮವಾರ ಗಾರೆಯವ್ರು ಬರ್ತಾರೆ, ಮುಚ್ಚಿಸ್ತೀನಿ. ಪಂಪೂ ಹೊಸದು ಹಾಕಿಸ್ತೀನಿ. ನನ್ ಮಾತಿದು."

"ನಿನ್ ಮಾತು ನಂಗ್ಯಾಕೆ?"

"ಹುಡುಗರ ಅನ್ನ ಹೋಗುತ್ತೆ. ಇಲಾಖೆಯೋರು ಬೀಗ ಹಾಕ್ತಾರೆ. ಯೋಚ್ನೆ ಮಾಡು."

ಮಾಡಿದ್ದೆ. ಚಪ್ಪಾಳೆ ತಟ್ಟಿದ ಹುಡುಗರು ಒಬ್ಬೊಬ್ಬರೂ ಕಣ್ಣ ಮುಂದೆ ಬಂದಿದ್ದರು, ನಿದ್ದೆ ಕೊಟ್ಟಿರಲಿಲ್ಲ. ಪೆರೊ ನನ್ನ ಕಡೆ ನೋಡಲಿಲ್ಲ. ತುಂಬು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ದೋಣಿ ಅಲುಗದ ಹಾಗೆ ಎರಡೂ ಕೈಯಲ್ಲಿ ಕಂಬ ಅಪ್ಪಿಕೊಂಡಿದ್ದ.

"ಹಾಲ್ವರ್ ಹೆಸರು ಹೊರಗೆ ಬರುತ್ತೆ, ತೊನ್ಕಾ. ನಕ್ಷೆ ಅವನದು. ಸತ್ತೋನ ಹೆಸರು ಬೀದಿಗೆ ತರ್ತೀಯಾ? ನಾನೇ ನಿಂಗೆ ಏನೂ ಅಲ್ಲ ಅಂತಿಟ್ಕೊ, ಅವನು?"

ಬಾಟಲಿಯ ಮುಚ್ಚಳ ತೆಗೆದೆ. ಬಾಟಲಿಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದೆ. ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಮಂಜುಗಡ್ಡೆಯೊಳಗೆ ಇಟ್ಟೆ.

"ನಾಳೆಯಿಂದ ನೀನು ಬರೋದು ಬೇಡ," ಅಂದ ಮೇಲಿನಿಂದ.

"ಬರಲ್ಲ. ಇವತ್ತು ಬಂದಿದ್ದೆ."

ಬಾಟಲಿಯ ಜೊತೆ ಹೋಗುವ ಚೀಟಿ ಬರೆದದ್ದು ದೋಣಿಯಲ್ಲೇ, ಪೆರೊನ ಬೆನ್ನ ಮೇಲೆ ಇಟ್ಟುಕೊಂಡು. ತಾರೀಖು, ಹೊತ್ತು, ಹಿಡಿದವರ ಹೆಸರು. ಹಿಡಿದ ಜಾಗ ಅನ್ನುವಲ್ಲಿ ನಿಂತೆ. ಪ್ರತಿ ಜಾಗಕ್ಕೂ ನಕ್ಷೆಯಲ್ಲಿ ಒಂದು ಹೆಸರು ಇರುತ್ತದೆ, ಇದಕ್ಕೆ ಇರಲಿಲ್ಲ. ಖಾಲಿ ಬಿಟ್ಟರೆ ಪ್ರಯೋಗಾಲಯದವರು ತಿರಸ್ಕರಿಸುತ್ತಾರೆ. ಒಂದು ಹೆಸರು ಬರೆದೆ.

ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ತೊಪ್ಪೆ. ಕೋಟು ಆಫೀಸಿನ ಗೂಟದಲ್ಲೇ ಉಳಿದಿದೆ. ಅದರ ಪಕ್ಕದಿಂದಲೇ ಪೆಟ್ಟಿಗೆ ಎತ್ತಿಕೊಂಡಿದ್ದೆ, ಕಣ್ಣಿಗೆ ಬೀಳಲಿಲ್ಲ. ಶೀತ ಆಗದಿದ್ದರೆ ಸಾಕು.

ಜನವರಿ ೧೫, ಬುಧವಾರ

ಬೆಳಿಗ್ಗೆ ಪ್ರಯೋಗಾಲಯದಿಂದ ಫೋನ್. ಹುಡುಗಿಯ ದನಿ ಸಣ್ಣದು. ತಾಮ್ರ ಎಷ್ಟು ಬಂದಿದೆಯೆಂದರೆ, ಯಂತ್ರ ತಪ್ಪಿರಬೇಕೆಂದು ಮತ್ತೊಮ್ಮೆ ನೋಡಿದರಂತೆ. ಯಂತ್ರ ಸರಿಯಾಗಿಯೇ ಇತ್ತು. ವರದಿ ಎಂದಿನಂತೆ ಯಾರ್ಡಿಗೂ ಇಲಾಖೆಗೂ ಹೋಗುತ್ತದೆ ಅಂದಳು.

ಪೆರೊ ಎದುರಿಗೇ ಕೂತಿದ್ದ, ಹುರಿದ ಮೀನು ಕೈಯಲ್ಲೇ ಉಳಿಯಿತು. ಈ ವಾರವೆಲ್ಲ ನನ್ನ ಮನೆಯಲ್ಲೇ ತಿಂಡಿ ಅವನಿಗೆ. ಕೇಳಿ ಕುಣಿಯಲಿಲ್ಲ. ಕಣ್ಣು ಒರೆಸಿಕೊಂಡು, ತಪ್ಪು ನನ್ನದಲ್ಲ ಅಂದ, ಯಾರಿಗೋ ಹೇಳುವ ಹಾಗೆ.

ಹುಡುಗಿ ಇನ್ನೂ ಫೋನಿನಲ್ಲಿದ್ದಳು. "ಒಂದ್ ಸಣ್ಣ ಅನುಮಾನ ಮೇಡಂ. ಚೀಟೀಲಿ ಹಿಡಿದ ಜಾಗ ಅಂತಿರೋ ಕಡೆ ಹಾಲ್ವರ್ ಅಂತ ಬರ್ದಿದೀರ. ನಮ್ ಹತ್ರ ಇರೋ ನಕ್ಷೇಲಿ ಆ ಹೆಸರಿನ ಜಾಗ ಇಲ್ಲ. ಅದು ನೀರು ಹಿಡಿದೋರ ಹೆಸರಾ?"

"ಅಲ್ಲಮ್ಮ. ಹಿಡಿದೋಳು ನಾನು."

"ಹಂಗಾದ್ರೆ ಇದೆಲ್ಲಿ ಬರುತ್ತೆ?"

"ಕಟ್ಟೆ ಕೆಳಗೆ," ಅಂದೆ. "ಮೇಲೆ ನಿಂತೋರಿಗೆ ಕಾಣಲ್ಲ. ನಂಗೂ ಈಗ್ಲೇ ಗೊತ್ತಾಗಿದ್ದು."

ಅವಳು ಬರೆದುಕೊಂಡಳು.